ಕೆಲಸದಲ್ಲೇ ಕಲಿಯುವ ಜಪಾನ್, ಕೆಲಸ ಬಿಡೋಕೆ ಕಲಿಯುವ ನಾವು

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಎಂ.ಟೆಕ್ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಕೆಲವು ವರ್ಷ ಜಪಾನಿ ಗ್ರಾಹಕರ ಪ್ರಾಜೆಕ್ಟ್‌ಗಳಲ್ಲಿ ಇದ್ದೆ. ಕೆಲಸಕ್ಕೆ ಸೇರಿದ ಮೇಲೆ ಜಪಾನಿನವರು ಹೇಗೆ ಕಲಿಯುತ್ತಾರೆ, ಅದರಲ್ಲಿ ನಮಗೆ ಏನಿದೆ ಅನ್ನೋದು ಇವತ್ತಿನ ವಿಷಯ.

ಮೊದಲು ಎರಡು ಸಂಗತಿ ಹೇಳ್ತೀನಿ. ಒಂದಕ್ಕೊಂದು ತಾಳೆಯಾಗಲ್ಲ ಅನ್ನಿಸುತ್ತೆ. ಒಇಸಿಡಿ ಸಂಸ್ಥೆ 16ರಿಂದ 65 ವಯಸ್ಸಿನವರ ಓದು ಮತ್ತು ಲೆಕ್ಕದ ಸಾಮರ್ಥ್ಯ ಅಳೆಯುತ್ತದೆ. 2013ರಲ್ಲಿ ಬಂದ ಫಲಿತಾಂಶದಲ್ಲಿ ಎರಡರಲ್ಲೂ ಜಪಾನ್ ಮೊದಲು. 2024ರ ಡಿಸೆಂಬರ್‌ನಲ್ಲಿ ಬಂದ ಫಲಿತಾಂಶದಲ್ಲೂ ಫಿನ್ಲೆಂಡ್ ಜೊತೆ ಮುಂಚೂಣಿಯಲ್ಲೇ ಇದೆ. ಎರಡನೆಯದು: ಪರ್ಸೋಲ್ ಎಂಬ ಜಪಾನಿ ಸಂಶೋಧನಾ ಸಂಸ್ಥೆ 2022ರಲ್ಲಿ 18 ದೇಶಗಳ ಉದ್ಯೋಗಿಗಳನ್ನು ಕೇಳಿತು, "ಆಫೀಸಿನ ಹೊರಗೆ ಸ್ವಂತವಾಗಿ ಏನು ಕಲಿಯುತ್ತೀರಿ?" ಅಂತ. ಜಪಾನಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನ "ಏನೂ ಇಲ್ಲ" ಅಂದರು. ಅಷ್ಟೂ ದೇಶಗಳಲ್ಲಿ ಅದೇ ಅತಿ ಹೆಚ್ಚು!

ಹಾಗಾದರೆ ಇವರು ಸೋಮಾರಿಗಳಾ? ಅಲ್ಲ. ಅಲ್ಲಿ ಕಲಿಕೆ ಅನ್ನೋದು ಕೆಲಸದ ಒಳಗೇ ಇದೆ.

ದೊಡ್ಡ ಕಂಪನಿಗಳ ಪದ್ಧತಿ ನೋಡಿ. ಕಾಲೇಜು ಮುಗಿಸಿದವರೆಲ್ಲ ಒಟ್ಟಿಗೆ ಏಪ್ರಿಲ್ 1ಕ್ಕೆ ಸೇರುತ್ತಾರೆ. ಅನೇಕರಿಗೆ ಯಾವ ವಿಭಾಗ ಅನ್ನೋದು ಸೇರಿದ ಮೇಲೆ ಗೊತ್ತಾಗುತ್ತದೆ. ಸಾಹಿತ್ಯ ಓದಿದವನು ಪ್ರೋಗ್ರಾಮರ್ ಆಗಬಹುದು. ಯಾಕೆಂದರೆ ಕಂಪನಿ ಕೌಶಲವನ್ನು ಕೊಳ್ಳುವುದಿಲ್ಲ, ಮನುಷ್ಯನನ್ನು ಸೇರಿಸಿಕೊಂಡು ತಾನೇ ತಯಾರು ಮಾಡುತ್ತದೆ. ಹಿರಿಯ, ಅಂದರೆ 'ಸೆಂಪಾಯ್', ಪಕ್ಕದಲ್ಲಿ ಕೂತು ಹೇಳಿಕೊಡುತ್ತಾನೆ. ಕೆಲವು ವರ್ಷಕ್ಕೊಮ್ಮೆ ವಿಭಾಗ ಬದಲು. ಹೊಸಬರಿಗೆ ಮೊದಲು ಕಲಿಸೋದು 'ಹೋರೆನ್ಸೋ': ವರದಿ ಮಾಡು, ತಿಳಿಸು, ಸಲಹೆ ಕೇಳು. ಮೂರು ಪದಗಳ ಮೊದಲಕ್ಷರ ಸೇರಿಸಿದರೆ ಜಪಾನಿಯಲ್ಲಿ ಪಾಲಕ್ ಸೊಪ್ಪಿನ ಹೆಸರು ಬರುತ್ತೆ, ಅದಕ್ಕೇ ಯಾರೂ ಮರೆಯಲ್ಲ.

ಕಾರ್ಖಾನೆಗಳಲ್ಲಿ ಇದು ಇನ್ನೂ ಸ್ಪಷ್ಟ. 1950ರಲ್ಲಿ ಅಮೆರಿಕದ ಡೆಮಿಂಗ್ ಜಪಾನಿಗೆ ಬಂದು ಸಂಖ್ಯಾಶಾಸ್ತ್ರದಿಂದ ಗುಣಮಟ್ಟ ಕಾಯುವುದನ್ನು ಎಂಜಿನಿಯರ್‌ಗಳಿಗೂ ಮಾಲೀಕರಿಗೂ ಹೇಳಿದರು. ಅದನ್ನು ಯಂತ್ರದ ಮುಂದೆ ನಿಂತವರ ತನಕ ಮುಟ್ಟಿಸಿದ್ದು 1962ರಲ್ಲಿ ಶುರುವಾದ ಕ್ಯೂಸಿ ಸರ್ಕಲ್‌ಗಳು. ಇದರ ಹಿಂದೆ ಇದ್ದವರಲ್ಲಿ ಮುಖ್ಯರು ಕೌರು ಇಶಿಕಾವಾ. ಏಳೆಂಟು ಜನ ಕಾರ್ಮಿಕರು ಕೂತು, ತಮ್ಮದೇ ಲೈನಿನ ದೋಷ ಎಣಿಸಿ, ಗ್ರಾಫ್ ಹಾಕಿ, ಕಾರಣ ಹುಡುಕುತ್ತಾರೆ. ಎಂಜಿನಿಯರಿಂಗ್ ಓದದವರ ಕೈಗೂ ಅಂಕಿ ಅಂಶ ಬಂತು. ಇದಕ್ಕಿಂತ ದೊಡ್ಡ ವಯಸ್ಕರ ಶಿಕ್ಷಣ ಯಾವುದಿದೆ ಹೇಳಿ?

ನಮ್ಮೂರಿಗೂ ಇದರ ಒಂದು ಕೊಂಡಿ ಇದೆ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ 2007ರಲ್ಲಿ ತರಬೇತಿ ಸಂಸ್ಥೆ ತೆರೆದು, ಹತ್ತನೇ ಕ್ಲಾಸ್ ಮುಗಿಸಿದ ಹಳ್ಳಿ ಹುಡುಗರನ್ನು ಹಾಸ್ಟೆಲ್‌ನಲ್ಲಿಟ್ಟು ಕೆಲಸ ಕಲಿಸಲು ಶುರು ಮಾಡಿತು. ಕೌಶಲದ ಜೊತೆ ಶಿಸ್ತು, ಆರೋಗ್ಯವೂ ಪಾಠದಲ್ಲಿವೆ. ಅದೇ ಯೋಚನೆ: ಮೊದಲು ಮನುಷ್ಯ, ಆಮೇಲೆ ಕೆಲಸ.

ಆದರೆ ಇದಕ್ಕೆ ಬೆಲೆಯೂ ಇದೆ. ಏನು ಕಲಿಯಬೇಕು ಅಂತ ಕಂಪನಿಯೇ ನಿರ್ಧರಿಸಿದರೆ, ನಾನು ಯಾಕೆ ಯೋಚಿಸಲಿ? ಸಂಬಳ ಸೇವಾವಧಿಯ ಜೊತೆ ಏರುವಾಗ ಹೊಸ ಸರ್ಟಿಫಿಕೇಟ್‌ನಿಂದ ಏನು ಸಿಗುತ್ತೆ? ಜೊತೆಗೆ ರಾತ್ರಿ ತನಕ ಆಫೀಸು. ದುಡಿದು ದುಡಿದು ಸಾಯುವುದಕ್ಕೆ 'ಕರೋಶಿ' ಅಂತ ಪದವೇ ಇರುವ ದೇಶ ಅದು. ತಡೆಯಲು 2014ರಲ್ಲಿ ಕಾನೂನು ಬಂತು. 2019ರ ಏಪ್ರಿಲ್‌ನಿಂದ ಓವರ್‌ಟೈಮ್‌ಗೆ ಸಾಮಾನ್ಯವಾಗಿ ತಿಂಗಳಿಗೆ 45 ಗಂಟೆ, ವರ್ಷಕ್ಕೆ 360 ಗಂಟೆಯ ಮಿತಿ ಬಂತು. ಅಷ್ಟು ದಣಿದು ಮನೆಗೆ ಹೋದವನಿಗೆ ಪುಸ್ತಕ ಹಿಡಿ ಅನ್ನೋದು ಸುಲಭವಲ್ಲ.

1990ರ ದಶಕದಲ್ಲಿ ಆರ್ಥಿಕತೆ ಕುಸಿದಾಗ ಈ ವ್ಯವಸ್ಥೆ ಬಿರುಕು ಬಿಟ್ಟಿತು. ಈಗ ಅಲ್ಲಿನ ಉದ್ಯೋಗಿಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಜನ ಖಾಯಂ ಅಲ್ಲ, ಅವರಲ್ಲಿ ಮಹಿಳೆಯರೇ ಹೆಚ್ಚು. ಅವರಿಗೆ ಈ ಸೆಂಪಾಯ್ ಪಾಠ ಅಷ್ಟಾಗಿ ಸಿಗಲ್ಲ. ಸರ್ಕಾರ ಸುಮ್ಮನಿಲ್ಲ. 1998ರಿಂದ ಉದ್ಯೋಗ ವಿಮೆಯ ಹಣದಲ್ಲಿ ಕೋರ್ಸ್ ಫೀಸಿನ ಒಂದು ಪಾಲು ವಾಪಸ್ ಕೊಡುತ್ತದೆ. 2022ರಲ್ಲಿ ಪ್ರಧಾನಿ ಕಿಶಿದಾ ಮರುಕೌಶಲಕ್ಕೆ ಐದು ವರ್ಷದಲ್ಲಿ 1 ಲಕ್ಷ ಕೋಟಿ ಯೆನ್ ಘೋಷಿಸಿದರು. ಹಣ ಬಂದರೂ ಅಭ್ಯಾಸ ಬರಲು ಕಾಲ ಬೇಕು.

ಈಗ ನಮ್ಮ ವಿಷಯಕ್ಕೆ ಬರೋಣ. ನಾವು ಇದರ ತದ್ವಿರುದ್ಧ. ಶನಿವಾರ ಭಾನುವಾರ ಕ್ಲೌಡ್ ಸರ್ಟಿಫಿಕೇಶನ್, ರಾತ್ರಿ ಹನ್ನೊಂದಕ್ಕೆ ಎಐ ಕೋರ್ಸ್. ಪುಣೆಯಲ್ಲಂತೂ ಜಪಾನಿ ಭಾಷೆಯ ಎನ್3 ಪರೀಕ್ಷೆಗೆ ಕೂರುವ ಕನ್ನಡದವರೂ ಸಿಗ್ತಾರೆ. ಸ್ವಂತ ದುಡ್ಡು, ಸ್ವಂತ ನಿದ್ದೆ. ಆದರೆ ಬಹಳ ಸಲ ನಾವು ಕಲಿಯೋದು ಇರುವ ಕೆಲಸ ಚೆನ್ನಾಗಿ ಮಾಡೋಕಲ್ಲ, ಇದನ್ನ ಬಿಟ್ಟು ಇನ್ನೊಂದಕ್ಕೆ ಹಾರೋಕೆ. ಅದರಲ್ಲಿ ತಪ್ಪಿಲ್ಲ. ಮನೆ ಸಾಲ, ಊರಲ್ಲಿ ಅಪ್ಪ ಅಮ್ಮ, ಮಕ್ಕಳ ಫೀಸು ಎಲ್ಲ ಇದೆ. ಆದರೆ ಪಕ್ಕದಲ್ಲಿ ಕೂತ ಹೊಸ ಹುಡುಗಿಗೆ ಕೋಡ್ ಅರ್ಥ ಮಾಡಿಸೋಕೆ ಯಾರಿಗೂ ಪುರುಸೊತ್ತಿಲ್ಲ. ಒಬ್ಬ ಕೆಲಸ ಬಿಟ್ಟರೆ ಅವನ ತಲೆಯಲ್ಲಿದ್ದದ್ದೂ ಅವನ ಜೊತೆಗೇ ಹೋಗುತ್ತೆ.

ನಾನಿದ್ದ ಪ್ರಾಜೆಕ್ಟ್‌ನಲ್ಲಿ ಐವತ್ತು ದಾಟಿದ ಒಬ್ಬ ಜಪಾನಿ ಎಂಜಿನಿಯರ್ ಇದ್ದರು. ಪ್ರತಿ ಬಗ್ ಮುಗಿದ ಮೇಲೂ, "ಇದು ಯಾಕೆ ನಮ್ಮ ಕಣ್ಣಿಗೆ ಬೀಳಲಿಲ್ಲ?" ಅಂತ ಕೇಳೋರು. ಯಾರು ಮಾಡಿದ್ದು ಅಂತ ಕೇಳ್ತಿರಲಿಲ್ಲ. ಆ ಒಂದು ಪ್ರಶ್ನೆಯಿಂದ ನಮ್ಮ ಟೀಮು ಕಲಿತಷ್ಟು ಯಾವ ಕೋರ್ಸೂ ಕಲಿಸಲಿಲ್ಲ.

ಹಾಗಾಗಿ ನನ್ನ ಮಾತು ಇಷ್ಟೇ. ಏನು ಕಲಿಯಬೇಕು ಅನ್ನುವ ನಿರ್ಧಾರ ನಮ್ಮ ಕೈಯಲ್ಲೇ ಇರಲಿ, ಅದನ್ನ ಕಂಪನಿಗೆ ಬಿಟ್ಟುಕೊಡೋದು ಬೇಡ. ಅದರ ಜೊತೆಗೆ, ವಾರಕ್ಕೆ ಒಂದು ಗಂಟೆ, ಆಫೀಸ್ ವೇಳೆಯಲ್ಲೇ, ನಾಲ್ಕು ಜನ ಕೂತು ನಮ್ಮದೇ ಕೆಲಸದ ಒಂದು ತೊಂದರೆ ಬಿಡಿಸೋಣ. ಮ್ಯಾನೇಜರ್ ಆಗಿರುವವರು ಆ ಗಂಟೆಯನ್ನು ಕೆಲಸ ಅಂತಲೇ ಲೆಕ್ಕ ಹಾಕಿ. ಮತ್ತೆ, ಈ ವಾರ ನೀವು ಯಾರಿಗೆ ಏನು ಹೇಳಿಕೊಟ್ಟಿರಿ? ಒಮ್ಮೆ ಯೋಚನೆ ಮಾಡಿ.