ಪಿಸ್ತೂಲು ಹಿಡಿಯುವ ಕೈ



ನೋಟಿನ ಕಟ್ಟು ಹಿಡಿಯುವವನು ಪಿಸ್ತೂಲಿನ ಮಾತೆತ್ತುವುದು ಕೆಲವರಿಗೆ ವಿಚಿತ್ರವೆನಿಸೀತು. ಆದರೆ ನೋಟೆಣಿಸುವವನು ಎಡಗೈಯ ಬೆಲೆಯನ್ನು ಬಲ್ಲ. ಅದು ಕಟ್ಟನ್ನು ಬಿಗಿಯಾಗಿ ಹಿಡಿಯದಿದ್ದರೆ ಬಲಗೈಯ ಚಾತುರ್ಯವೆಲ್ಲ ವ್ಯರ್ಥ. ಪಿಸ್ತೂಲಿನವರು ಈ ಸಣ್ಣ ಸಂಗತಿಯನ್ನೊಪ್ಪಲು ಬಹುಕಾಲ ಹಿಡಿಯಿತು.

ಮೊದಲಿಗೆ ಅದು ಒಂಟಿಗೈಯ ಆಯುಧ. ಕಾರಣವೂ ಉಂಟು. ಕುದುರೆಸವಾರನ ಇನ್ನೊಂದು ಕೈಯಲ್ಲಿ ಲಗಾಮು. ದ್ವಂದ್ವಕ್ಕೆ ನಿಂತ ಯೂರೋಪಿನ ಗೃಹಸ್ಥನೋ, ಎದುರಾಳಿಗೆ ತನ್ನ ಮೈ ಕಡಿಮೆ ಕಾಣಲೆಂದು ಪಕ್ಕಕ್ಕೆ ತಿರುಗಿ ಒಂದೇ ತೋಳು ಚಾಚುತ್ತಿದ್ದನು. ಕುದುರೆ ಹೋಯಿತು, ದ್ವಂದ್ವವೂ ಹೋಯಿತು. ಭಂಗಿ ಮಾತ್ರ ಉಳಿಯಿತು. ಶಾಂಘಾಯಿ ನಗರದ ಪೋಲೀಸಿನಲ್ಲಿದ್ದ ಫೇರ್‌ಬೇರ್ನ್, ಸೈಕ್ಸ್ ಎಂಬಿಬ್ಬರು 1942ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿಯೂ, ಹತ್ತಿರದ ಕಾಳಗಕ್ಕೆ ಮೈ ಕುಗ್ಗಿಸಿ ಒಂದೇ ಕೈಯಿಂದ ಹೊಡೆಯುವುದೇ ಮುಖ್ಯ ಪಾಠ.

ಇದು ಬದಲಾದದ್ದು ಕ್ಯಾಲಿಫೋರ್ನಿಯದ ಬಿಗ್ ಬೇರ್ ಎಂಬ ಬೆಟ್ಟದೂರಿನಲ್ಲಿ. 1950ರ ದಶಕದ ಕೊನೆಗೆ ಜೆಫ್ ಕೂಪರ್ ಎಂಬಾತನು ಅಲ್ಲಿ ಪಂದ್ಯಗಳನ್ನು ನಡೆಸುತ್ತಿದ್ದನು. ಬಂದವರಲ್ಲಿ ಬಹುಮಂದಿ ಸೊಂಟದ ಮಟ್ಟದಿಂದಲೇ ಥಟ್ಟನೆ ಹೊಡೆಯುವವರು. ಗುಂಡೇನೋ ಬೇಗ ಹೊರಡುತ್ತಿತ್ತು, ಗುರಿ ಮುಟ್ಟಬೇಕಲ್ಲ! ಲಾಸ್ ಏಂಜಲಿಸ್‌ನ ಡೆಪ್ಯುಟಿ ಶೆರಿಫ್ ಜ್ಯಾಕ್ ವೀವರನು ರಿವಾಲ್ವರನ್ನು ಎರಡು ಕೈಗಳಲ್ಲಿ ಹಿಡಿದು, ಕಣ್ಣಿನ ಮಟ್ಟಕ್ಕೆತ್ತಿ, ನಳಿಗೆಯ ಮೇಲಿನ ಗುರುತು ನೋಡಿ ಹೊಡೆದನು. 1959ರಲ್ಲಿ ಗೆದ್ದವನು ಅವನೇ. ಬಲಗೈ ಮುಂದಕ್ಕೆ ನೂಕುತ್ತದೆ, ಎಡಗೈ ಹಿಂದಕ್ಕೆ ಸೆಳೆಯುತ್ತದೆ. ಈ ಜಗ್ಗಾಟದಲ್ಲಿ ಪಿಸ್ತೂಲಿನ ಒದೆತ ತಗ್ಗುತ್ತದೆ. ಕೂಪರನು ಇದನ್ನು ತಾನು ಕಲಿತು, ಊರೂರಿನವರಿಗೆ ಕಲಿಸಿದನು. ನನಗೆ ಗೆದ್ದವನಿಗಿಂತ ಈ ಕಲಿತವನೇ ಹೆಚ್ಚು ಮೆಚ್ಚಿಗೆ.

1980ರ ದಶಕದಲ್ಲಿ ರಾಬ್ ಲೀಥಮ್, ಬ್ರಯನ್ ಈನೋಸ್ ಎಂಬ ಪಂದ್ಯಪಟುಗಳು ಎದೆಯನ್ನು ನೇರವಾಗಿ ತಿರುಗಿಸಿ ಎರಡೂ ತೋಳುಗಳನ್ನು ಸಮನಾಗಿ ಚಾಚಿದರು. ಕವಚ ತೊಟ್ಟ ಪೋಲೀಸರಿಗೂ ಇದು ಒಗ್ಗಿತು; ಪಕ್ಕಕ್ಕೆ ತಿರುಗಿದರೆ ಕಂಕುಳು ಬಯಲಾಗುತ್ತದಷ್ಟೆ. ಹೆಬ್ಬೆರಳಿನ ಕಥೆ ಬೇರೆ. ರಿವಾಲ್ವರಿನ ಹಿಂದೆ ಎಡ ಹೆಬ್ಬೆರಳನ್ನು ಅಡ್ಡ ಸುತ್ತಬಹುದು. ಸ್ವಯಂಚಾಲಿತ ಪಿಸ್ತೂಲಿನಲ್ಲಿ ಹಾಗೆ ಮಾಡಿದರೆ ಹಿಂದಕ್ಕೆ ನುಗ್ಗುವ ಸ್ಲೈಡು ಚರ್ಮವನ್ನೇ ಸೀಳೀತು. ಆದುದರಿಂದ ಎರಡು ಹೆಬ್ಬೆರಳುಗಳೂ ಒಂದೇ ಬದಿಯಲ್ಲಿ, ಮುಂದಕ್ಕೆ.

ಒಲಿಂಪಿಕ್ಸಿನಲ್ಲಿ ಮಾತ್ರ ಒಂಟಿಗೈಯೇ ಇಂದಿಗೂ ನಿಯಮ. ಹಂಗೇರಿಯ ಕಾರೊಯ್ ತಾಕಾಚನ ಬಲಗೈ 1938ರಲ್ಲಿ ಗ್ರೆನೇಡು ಸಿಡಿದು ಕೆಟ್ಟಿತು; ಎಡಗೈಯನ್ನು ಪಳಗಿಸಿ 1948ರಲ್ಲಿಯೂ 1952ರಲ್ಲಿಯೂ ಚಿನ್ನ ಗೆದ್ದನು. ನಮ್ಮ ಬೆಂಗಳೂರಿನ ಪ್ರಕಾಶ ನಂಜಪ್ಪನವರು 2014ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಬೆಳ್ಳಿ ತಂದದ್ದೂ ಒಂದೇ ಕೈಯಿಂದ. ಗುರಿಯ ದೂರ 10 ಮೀಟರು. ಹತ್ತಂಕದ ವೃತ್ತದ ಅಗಲ 11.5 ಮಿಲಿಮೀಟರು, ಎಂದರೆ ನಮ್ಮ ಅಂಗಿಯ ಗುಂಡಿಯಷ್ಟು.