ಮೊದಲ ಸಾಲಿನ ಭಾಷೆ

ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಊಟಕ್ಕೆ ಮುಂಚೆ ಮುಗಿಸಿ ಎಂದು ಕಾರ್ಯದರ್ಶಿಗಳು ಚೀಟಿ ಕೊಟ್ಟಿದ್ದಾರೆ, ಮುಗಿಸುತ್ತೇನೆ.

ಹಿಂದಿನವರನ್ನು ನೆನೆಯುವುದು ವಾಡಿಕೆ. ಕಂಪ್ಯೂಟರಿಗೆ ಕನ್ನಡ ಕಲಿಸಿದ ಕೆ. ಪಿ. ರಾಯರು, ‘ಬರಹ’ ಕೊಟ್ಟ ಶೇಷಾದ್ರಿವಾಸು, ‘ನುಡಿ’ ರೂಪಿಸಿದ ಕನ್ನಡ ಗಣಕ ಪರಿಷತ್ತು, ಕನ್ನಡ ತಂತ್ರಾಂಶಕ್ಕಾಗಿ ದನಿಯೆತ್ತಿದ ಪೂರ್ಣಚಂದ್ರ ತೇಜಸ್ವಿ, ಇವರಿಗೆಲ್ಲ ನಾವು ಋಣಿಗಳು. ಡೆವಲಪರುಗಳ ಈ ಸಮ್ಮೇಳನದ ಹಿಂದಿನ ಅಧ್ಯಕ್ಷರುಗಳೂ ಕೈಲಾದಷ್ಟು ಮಾಡಿದ್ದಾರೆ. ಅವರ ಭಾಷಣಗಳು ಅಚ್ಚಾಗಿವೆ, ಬೇಕಾದವರು ಓದಿಕೊಳ್ಳಬಹುದು.

ನನ್ನ ವಿಷಯ ಸ್ಟಾರ್ಟರ್ ಟೆಂಪ್ಲೇಟ್. ಅಧ್ಯಕ್ಷ ಭಾಷಣಕ್ಕೆ ಇಷ್ಟು ಸಣ್ಣ ವಿಷಯವೇ ಎಂದು ನಿನ್ನೆ ರಾತ್ರಿ ಒಬ್ಬರು ಫೋನಿನಲ್ಲಿ ಕೇಳಿದರು. ಸಣ್ಣದು ಎಂದುಕೊಂಡು ಎಲ್ಲರೂ ಬಿಟ್ಟಿದ್ದರಿಂದಲೇ ಇಂದು ಅದನ್ನು ಎತ್ತಿಕೊಂಡಿದ್ದೇನೆ.

ಹೊಸ ವೆಬ್ ಅಪ್ಲಿಕೇಶನ್ನನ್ನು ನಮ್ಮಲ್ಲಿ ಯಾರೂ ಖಾಲಿ ಫೈಲಿನಿಂದ ಶುರು ಮಾಡುವುದಿಲ್ಲ. ಟರ್ಮಿನಲ್ಲಿನಲ್ಲಿ ಒಂದು ಕಮಾಂಡ್ ಕೊಡುತ್ತೇವೆ. ಪ್ರಾಜೆಕ್ಟಿನ ಹೆಸರೇನು, ರಿಯಾಕ್ಟ್ ಬೇಕೋ ವ್ಯೂ ಬೇಕೋ, ಟೈಪ್‌ಸ್ಕ್ರಿಪ್ಟೋ ಜಾವಾಸ್ಕ್ರಿಪ್ಟೋ ಎಂದು ಅದು ಕೇಳುತ್ತದೆ. ಉತ್ತರ ಕೊಟ್ಟರೆ ಫೋಲ್ಡರ್ ಸಿದ್ಧ, ಇದೇ ಸ್ಟಾರ್ಟರ್ ಟೆಂಪ್ಲೇಟ್. 2016ರ ಜುಲೈಯಲ್ಲಿ ಫೇಸ್‌ಬುಕ್ಕಿನವರು ‘ಕ್ರಿಯೇಟ್ ರಿಯಾಕ್ಟ್ ಆ್ಯಪ್’ ಬಿಟ್ಟ ಮೇಲೆ ರಿಯಾಕ್ಟ್ ಬರೆಯುವವರಿಗೆಲ್ಲ ಇದು ರೂಢಿಯಾಯಿತು. ಅದಕ್ಕೆ ಮುಂಚೆ ವೆಬ್‌ಪ್ಯಾಕ್, ಬೇಬೆಲ್‌ಗಳ ಕಾನ್ಫಿಗರೇಶನ್ ಹೊಂದಿಸುವಷ್ಟರಲ್ಲೇ ಉತ್ಸಾಹ ಇಳಿದುಹೋಗುತ್ತಿತ್ತು. 2025ರ ಫೆಬ್ರವರಿಯಲ್ಲಿ ರಿಯಾಕ್ಟ್ ತಂಡವೇ, ಹೊಸ ಆ್ಯಪ್‌ಗಳಿಗೆ ಇದನ್ನು ಬಳಸಬೇಡಿ ಎಂದು ಹೇಳಿ ಅದನ್ನು ನಿವೃತ್ತಿಗೊಳಿಸಿತು. ಅಷ್ಟರಲ್ಲಾಗಲೇ ನಮ್ಮವರಲ್ಲಿ ಬಹಳ ಮಂದಿ, ಇವಾನ್ ಯೂ 2020ರಲ್ಲಿ ಶುರು ಮಾಡಿದ ‘ವೀಟ್’ ಕಡೆಗೆ ಬಂದಾಗಿತ್ತು. ಇಷ್ಟೆಲ್ಲ ಬದಲಾದರೂ ಒಂದು ಸಾಲು ಮಾತ್ರ ಅಲ್ಲಾಡಲಿಲ್ಲ.

ಇಂಡೆಕ್ಸ್ ಫೈಲು ತೆರೆದು ನೋಡಿ. ಡಾಕ್‌ಟೈಪ್ ಆದ ಕೂಡಲೇ ಬರುವ ಎಚ್‌ಟಿಎಂಎಲ್ ಟ್ಯಾಗಿನಲ್ಲಿ ‘ಲ್ಯಾಂಗ್’ ಎಂದಿರುತ್ತದೆ, ಅದರ ಮುಂದೆ ‘ಇಎನ್’. ಕ್ರಿಯೇಟ್ ರಿಯಾಕ್ಟ್ ಆ್ಯಪ್‌ನಲ್ಲೂ ಅದೇ ಇತ್ತು, ವೀಟ್‌ನಲ್ಲೂ ಅದೇ, ನೆಕ್ಸ್ಟ್ ಜೆಎಸ್‌ನಲ್ಲೂ ಅದೇ. ಅಷ್ಟು ಪ್ರಶ್ನೆ ಕೇಳುವ ಆ ಕಮಾಂಡು, ನಿನ್ನ ಪುಟ ಯಾವ ಭಾಷೆಯದಪ್ಪಾ ಎಂದು ಮಾತ್ರ ಕೇಳುವುದಿಲ್ಲ. ನಾವೂ ಹೇಳುವುದಿಲ್ಲ. ಪುಟದ ತುಂಬ ಕನ್ನಡ ತುಂಬಿ, ನೆತ್ತಿಯ ಮೇಲೆ ಇಂಗ್ಲಿಷಿನ ಚೀಟಿ ಅಂಟಿಸಿ ಕಳಿಸುತ್ತೇವೆ.

ಇದರ ಪೆಟ್ಟು ಮೊದಲು ಬೀಳುವುದು ಕಣ್ಣು ಕಾಣದವರಿಗೆ. ಪುಟವನ್ನು ಯಾವ ಧ್ವನಿಯಲ್ಲಿ ಓದಬೇಕೆಂದು ಸ್ಕ್ರೀನ್ ರೀಡರ್ ತಿಳಿಯುವುದು ಈ ಗುರುತಿನಿಂದ. ಇಂಗ್ಲಿಷ್ ಎಂದಿದ್ದರೆ ಇಂಗ್ಲಿಷ್ ಧ್ವನಿ ಕನ್ನಡ ಅಕ್ಷರದ ಮುಂದೆ ತಡವರಿಸುತ್ತದೆ, ಕೆಲವೊಮ್ಮೆ ಬಿಟ್ಟೇ ಮುಂದೆ ಹೋಗುತ್ತದೆ. ಎಲ್ಲರಿಗೂ ಎಟುಕುವ ವೆಬ್ಬಿಗಾಗಿ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಪುಟದ ಭಾಷೆಯನ್ನು ನಮೂದಿಸುವುದು ಅತ್ಯಂತ ಕೆಳಗಿನ ಮಟ್ಟದ, ಅಂದರೆ ತಪ್ಪಿಸಲೇಬಾರದ, ನಿಯಮ. ಒಂದೇ ಅಕ್ಷರ ತಿದ್ದುವ ಕೆಲಸ. ಇದಕ್ಕಾಗಿ ನಾನು ವರ್ಷಗಟ್ಟಲೆ ಜಗಳವಾಡಿದ್ದೇನೆ.

ತಿದ್ದಿದರೆ ಮುಗಿಯಿತಲ್ಲ ಎನ್ನುತ್ತೀರಿ. ಮುಗಿಯುವುದಿಲ್ಲ, ಆ ಸಾಲಿನ ಹಿಂದೆ ಇಡೀ ಟೆಂಪ್ಲೇಟು ಇಂಗ್ಲಿಷಿನಲ್ಲೇ ಯೋಚಿಸುತ್ತದೆ. ನಾನು ಹಿಂದೆ ಇದ್ದ ಒಂದು ಕಚೇರಿಯಲ್ಲಿ ರೈತರಿಗಾಗಿ ಅರ್ಜಿಯ ಫಾರ್ಮ್ ಮಾಡಿದ್ದರು. ಶೀರ್ಷಿಕೆ ಕನ್ನಡ, ಬಟನ್ ಕನ್ನಡ. ಹೆಸರಿನ ಜಾಗದಲ್ಲಿ ‘ಶಿವಲಿಂಗಯ್ಯ’ ಎಂದು ಟೈಪ್ ಮಾಡಿದರೆ ಕೆಂಪು ಅಕ್ಷರದಲ್ಲಿ ಬರುತ್ತಿತ್ತು: ‘ದಯವಿಟ್ಟು ಸರಿಯಾದ ಹೆಸರು ನಮೂದಿಸಿ.’ ಬೈಗುಳ ಅಚ್ಚ ಕನ್ನಡದಲ್ಲಿ! ಕಾರಣ, ಕಚೇರಿಯ ಟೆಂಪ್ಲೇಟಿನೊಂದಿಗೆ ಬಂದ ವ್ಯಾಲಿಡೇಶನ್ ಫೈಲು. ಎಯಿಂದ ಝಡ್‌ವರೆಗಿನ ಅಕ್ಷರ, ನಡುವೆ ಒಂದು ಸ್ಪೇಸ್, ಇಷ್ಟಿದ್ದರೆ ಮಾತ್ರ ಅದರ ಪಾಲಿಗೆ ಮನುಷ್ಯನ ಹೆಸರು.

ಗಲಾಟೆ ಮಾಡಿದ ಮೇಲೆ ಒಬ್ಬರು ತಿದ್ದಿದರು. ಯೂನಿಕೋಡಿನ ಅಕ್ಷರವರ್ಗಗಳನ್ನು ರೆಜೆಕ್ಸ್‌ನಲ್ಲಿ ಬಳಸುವ ಸೌಲಭ್ಯ ಜಾವಾಸ್ಕ್ರಿಪ್ಟಿಗೆ 2018ರ ಆವೃತ್ತಿಯಲ್ಲೇ ಬಂದಿದೆ. ಅದರಂತೆ ‘ಲೆಟರ್’ ಎಂಬ ವರ್ಗವನ್ನು ಸೇರಿಸಿದರು. ಆಗ ‘ಕಮಲ’ ಒಳಗೆ ಹೋದಳು, ಶಿವಲಿಂಗಯ್ಯ ಹೊರಗೇ ನಿಂತ. ಏಕೆಂದರೆ ಗುಣಿತದ ಚಿಹ್ನೆ, ಅನುಸ್ವಾರ, ಒತ್ತಕ್ಷರ ಕೂಡಿಸುವ ಚಿಹ್ನೆ, ಇವು ಯೂನಿಕೋಡಿನ ಲೆಕ್ಕದಲ್ಲಿ ಲೆಟರ್ ಅಲ್ಲ, ‘ಮಾರ್ಕ್’. ಆ ವರ್ಗವನ್ನೂ ಸೇರಿಸಬೇಕು. ಸೇರಿಸಿ ಎಂದರೆ, ಮುಂದಿನ ರಿಲೀಸಿನಲ್ಲಿ ನೋಡೋಣ ಎಂಬ ಉತ್ತರ. ಆ ರಿಲೀಸು ಬರುವ ಮೊದಲು ನಾನೇ ಕೆಲಸ ಬಿಟ್ಟೆ.

ಹೆಸರು ಒಳಗೆ ಹೋದರೂ ಕಷ್ಟ ತೀರದು. ಶಿವಲಿಂಗಯ್ಯ ನಮ್ಮ ಬಾಯಲ್ಲಿ ಐದಕ್ಷರ, ಜಾವಾಸ್ಕ್ರಿಪ್ಟಿನ ‘ಲೆಂಗ್ತ್’ ಹೇಳುವುದು 10. ನಾವು ಎಣಿಸುವ ಅಕ್ಷರದ ಲೆಕ್ಕದಲ್ಲಿ ಮಿತಿ ಹಾಕಿದರೆ ಅರ್ಧ ಹೆಸರಿಗೇ ಅದು ತುಂಬಿಬಿಡುತ್ತದೆ. ಇನ್ನು ಲೇಖನದ ಶೀರ್ಷಿಕೆಯಿಂದ ವಿಳಾಸದ ತುಂಡು ತಯಾರಿಸುವ ‘ಸ್ಲಗ್’ ಫಂಕ್ಷನ್, ಇಂಗ್ಲಿಷ್ ಅಕ್ಷರ, ಅಂಕಿ ಬಿಟ್ಟು ಉಳಿದಿದ್ದನ್ನೆಲ್ಲ ಅಳಿಸುತ್ತದೆ. ಕನ್ನಡ ಶೀರ್ಷಿಕೆ ಕೊಟ್ಟರೆ ಕೈಗೆ ಬರುವುದು ಶೂನ್ಯ. ಎರಡನೆಯ ಲೇಖನ ಹಾಕಿದರೆ, ಈ ವಿಳಾಸ ಆಗಲೇ ಇದೆ ಎಂದು ತಕರಾರು.

ಅಕಾರಾದಿ ಮಾಡಲು ಹೋಗಿ. ಬರೀ ‘ಸಾರ್ಟ್’ ಕೋಡ್ ಸಂಖ್ಯೆ ನೋಡಿ ಜೋಡಿಸುತ್ತದೆ, ಯೂನಿಕೋಡ್ ಪಟ್ಟಿಯಲ್ಲಿ ಳ ಕುಳಿತಿರುವುದು ಲ ಆದ ಮೇಲೆ, ವ ಬರುವ ಮುಂಚೆ. ಹಾಗಾಗಿ ‘ಕಳಸ’ ಬಂದು ‘ಕವನ’ದ ತಲೆಯ ಮೇಲೆ ಕೂರುತ್ತದೆ. ಒಂದನೇ ಕ್ಲಾಸಿನ ಮಗು ಕೂಡ ಹ ಆದ ಮೇಲೆ ಳ ಎನ್ನುತ್ತದೆ. ಬ್ರೌಸರಿನಲ್ಲೇ ಇರುವ ‘ಕೊಲೇಟರ್’ಗೆ ಭಾಷೆ ಕನ್ನಡ ಎಂದು ಹೇಳಿ ಕೆಲಸ ಒಪ್ಪಿಸಿದರೆ ಸಾಕು, ಅದಕ್ಕೆ ಈ ಕ್ರಮ ಗೊತ್ತು. ಹೇಳುವವರಿಲ್ಲ.

ಸಿಎಸ್‌ಎಸ್‌ನ ಕತೆಯೂ ಇದೆ. ಸಾಲಿನ ಎತ್ತರ 1 ಎಂದು ಇಟ್ಟು, ಡಬ್ಬಿಯಿಂದ ಹೊರಗೆ ಬಂದದ್ದನ್ನು ಮರೆಮಾಡು ಎಂದರೆ ಇಂಗ್ಲಿಷಿಗೆ ಚೆಂದ ಕಾಣುತ್ತದೆ. ‘ರಾಷ್ಟ್ರೀಯ’ ಎಂದು ಬರೆಯಿರಿ. ಷದ ಕೆಳಗಿನ ಒತ್ತುಗಳ ಪಾದ ಕತ್ತರಿಸಿ ಹೋಗಿರುತ್ತದೆ. ಡಿಸೈನರಿಗೆ ತೋರಿಸಿದರೆ, ಫಾಂಟಿನ ತಪ್ಪು ಸಾರ್ ಎನ್ನುತ್ತಾರೆ. ನೋಟೊ ಸಾನ್ಸ್ ಕನ್ನಡ ಫಾಂಟು ಮುಕ್ತ ಪರವಾನಗಿಯಲ್ಲಿ ಪುಕ್ಕಟೆ ಸಿಗುತ್ತದೆ, ಅದರಲ್ಲಿ ತಪ್ಪಿಲ್ಲ. ಜಾಗ ಕೊಡದೇ ಇರುವವರು ನಾವು.

ಇಲ್ಲಿ ಒಂದು ಹಳೆಯ ಜಗಳವನ್ನು ಎತ್ತಲೇಬೇಕು, ಎದುರು ಪಕ್ಷದವರು ಎರಡನೇ ಸಾಲಿನಲ್ಲೇ ಕುಳಿತಿದ್ದಾರೆ. ಕನ್ನಡ ಟೆಂಪ್ಲೇಟ್ ಮಾಡೋಣ ಎಂದು ನಾನು ಮೊದಲ ಸಲ ಹೇಳಿದಾಗ, ಹಾಗಾದರೆ ವೇರಿಯಬಲ್ ಹೆಸರುಗಳೂ ಕನ್ನಡದಲ್ಲಿರಲಿ ಎಂದು ಇವರು ಪಟ್ಟು ಹಿಡಿದರು. ಜಾವಾಸ್ಕ್ರಿಪ್ಟಿನಲ್ಲಿ ಅದು ಸಾಧ್ಯ, ‘ಬೆಲೆ’ ಎಂಬ ವೇರಿಯಬಲ್ ಬರೆದರೆ ಓಡುತ್ತದೆ. ಚರ್ಚೆ ಅಲ್ಲಿಗೇ ಹೊರಳಿತು. ‘ಬೆಲೆ’ಯೋ ‘ದರ’ವೋ ಎಂದು ಸಂಜೆಯವರೆಗೆ ವಾದಿಸಿ, ಉಪಸಮಿತಿ ಮಾಡಿ, ಫೋಟೋ ತೆಗೆಸಿಕೊಂಡು ಎದ್ದರು. ಟೆಂಪ್ಲೇಟು ಹುಟ್ಟಲಿಲ್ಲ. ಕೋಡಿನ ಒಳಗೆ ಏನು ಬರೆದಿದೆ ಎಂದು ನೋಡುವವರು ನಾಲ್ಕು ಜನ ಪ್ರೋಗ್ರಾಮರುಗಳು. ಫಾರ್ಮ್ ತುಂಬುವವನು ಶಿವಲಿಂಗಯ್ಯ. ಮೊದಲು ಅವನ ಕೆಲಸ ಆಗಲಿ ಎಂದು ನಾನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಗೆಳೆಯರು ಸಿಟ್ಟಾಗಬಾರದು, ಆದರೂ ಅಡ್ಡಿಯಿಲ್ಲ.

ಯಾವ ಟೆಂಪ್ಲೇಟಿಗೂ ಬೇಕಾದ ಸಾಮಾನ್ಯ ಶಿಸ್ತಿನ ಸಂಗತಿಗಳನ್ನು ಬೇಗ ಹೇಳಿಬಿಡುತ್ತೇನೆ. ಲಾಕ್‌ಫೈಲನ್ನು ಗಿಟ್‌ಗೆ ಸೇರಿಸಿ, ಸರ್ವರಿನಲ್ಲಿ ‘ಎನ್‌ಪಿಎಂ ಸಿಐ’ ಓಡಿಸಿ. 2016ರ ಮಾರ್ಚಿನಲ್ಲಿ ‘ಲೆಫ್ಟ್-ಪ್ಯಾಡ್’ ಎಂಬ ಹನ್ನೊಂದು ಸಾಲಿನ ಪ್ಯಾಕೇಜನ್ನು ಅದರ ಕರ್ತೃ ಹಿಂತೆಗೆದುಕೊಂಡಾಗ ಎಷ್ಟೋ ಬಿಲ್ಡುಗಳು ಮುರಿದುಬಿದ್ದವು. 2025ರ ಸೆಪ್ಟೆಂಬರಿನಲ್ಲಿ ‘ಚಾಕ್’, ‘ಡೀಬಗ್’ನಂಥ ಮನೆಮನೆಯ ಪ್ಯಾಕೇಜುಗಳ ನಿರ್ವಾಹಕರನ್ನೇ ಮೋಸದ ಇಮೇಲಿನಿಂದ ಬಲೆಗೆ ಬೀಳಿಸಿ, ಅವುಗಳೊಳಗೆ ಕಳ್ಳ ಕೋಡ್ ತುರುಕಿದರು. ಟೆಂಪ್ಲೇಟಿನಲ್ಲಿ ಪ್ಯಾಕೇಜು ಕಡಿಮೆಯಿದ್ದಷ್ಟೂ ಕ್ಷೇಮ. ನೋಡ್ ಆವೃತ್ತಿಯನ್ನು ಬರೆದಿಡಿ. ಗುಟ್ಟಿನ ಕೀಗಳನ್ನು ಎನ್ವ್ ಫೈಲಿನಲ್ಲಿಟ್ಟು ಅದನ್ನು ಗಿಟ್‌ನಿಂದ ದೂರವಿಡಿ. ವೀಟ್‌ನಲ್ಲಿ ಅದರದೇ ಹೆಸರು ಮುಂದೆ ಹಚ್ಚಿದ ವೇರಿಯಬಲ್ಲುಗಳು ನೇರ ಬ್ರೌಸರಿಗೆ ಹೋಗುತ್ತವೆ, ಅಲ್ಲಿ ಪಾಸ್‌ವರ್ಡ್ ಇಟ್ಟರೆ ಊರಿಗೆಲ್ಲ ಹಂಚಿದಂತೆ.

ಈಗ ಠರಾವು. ವೀಟ್‌ನ ಮೇಲೆ ಒಂದು ತೆಳುವಾದ ಟೆಂಪ್ಲೇಟ್ ಮಾಡೋಣ. ಹೊಸ ಫ್ರೇಮ್‌ವರ್ಕ್ ಬೇಡ, ಹೊಸ ಹೆಸರಿನ ಹುಡುಕಾಟವೂ ಬೇಡ. ಮೊದಲ ಸಾಲಿನಲ್ಲಿ ‘ಕೆಎನ್’, ಜೊತೆಯಲ್ಲೇ ಕೊಡುವ ಕನ್ನಡ ಫಾಂಟು, 1.6ಕ್ಕೆ ಕಡಿಮೆಯಿಲ್ಲದ ಸಾಲಿನೆತ್ತರ, ಹೆಸರು ಪರೀಕ್ಷಿಸಲು, ಸ್ಲಗ್ ಮಾಡಲು, ಅಕಾರಾದಿ ಜೋಡಿಸಲು ಮೂರು ಪುಟ್ಟ ಫಂಕ್ಷನ್ನುಗಳು. ಟೆಸ್ಟ್ ಫೈಲಿನಲ್ಲಿ ಜಾನ್ ಡೋ ಇರಕೂಡದು. ಜ್ಞಾನೇಶ್ವರಿ, ಕೃಷ್ಣಮೂರ್ತಿ, ಶಿವಲಿಂಗಯ್ಯ ಇರಲಿ. ಒಂದು ಹೆಸರು ತಪ್ಪಿದರೂ ಬಿಲ್ಡ್ ನಿಲ್ಲಬೇಕು. ಇದು ಆಗುವ ಕೆಲಸ.

ಆಗುತ್ತದೋ ಇಲ್ಲವೋ, ಹೇಳುವುದನ್ನು ಹೇಳುತ್ತೇನೆ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ವೆಬ್ ಲ್ಯಾಬು ಈ ಟೆಂಪ್ಲೇಟಿನಿಂದಲೇ ಶುರುವಾಗಲಿ. ಸರ್ಕಾರದ ಪ್ರತಿ ಟೆಂಡರಿನಲ್ಲಿ, ಕನ್ನಡ ಹೆಸರು ಸ್ವೀಕರಿಸದ ಫಾರ್ಮಿಗೆ ಬಿಲ್ ಪಾಸಾಗದು ಎಂಬ ಒಂದು ವಾಕ್ಯ ಸೇರಲಿ. ವೀಟ್‌ನ ಕಮಾಂಡೇ ಭಾಷೆ ಯಾವುದೆಂದು ಕೇಳುವಂತೆ ಮೂಲ ಯೋಜನೆಗೇ ತಿದ್ದುಪಡಿ ಕಳಿಸೋಣ. ಒಪ್ಪದಿದ್ದರೆ ಮುಂದಿನ ವರ್ಷ ಇನ್ನೊಮ್ಮೆ ಕಳಿಸೋಣ.

ಟೆಂಪ್ಲೇಟನ್ನು ಹುಟ್ಟಿಸಿ ಬೀದಿಗೆ ಬಿಡುವ ಚಾಳಿ ನಮ್ಮಲ್ಲಿ ಬಹಳ. ಅದಕ್ಕೇ ಮೂರು ತಿಂಗಳಿಗೊಮ್ಮೆ ಪ್ಯಾಕೇಜುಗಳನ್ನು ನೋಡಿ ಹೊಸದು ಮಾಡುವ ಇಬ್ಬರು ಪಾಲಕರು ಬೇಕು ಎಂದು ಠರಾವಿನಲ್ಲೇ ಬರೆದಿದ್ದೇನೆ. ಒಂದು ಹೆಸರು ನನ್ನದು. ಇನ್ನೊಂದು ಎರಡನೇ ಸಾಲಿನಿಂದ ಬಂದರೆ ಸಂತೋಷ, ಅದರೊಳಗಿನ ವೇರಿಯಬಲ್ಲುಗಳಿಗೆ ಅವರು ಯಾವ ಹೆಸರಿಟ್ಟರೂ ನಾನು ಮಾತಾಡುವುದಿಲ್ಲ. ಠರಾವಿನ ಪ್ರತಿ ಕಾರ್ಯದರ್ಶಿಗಳ ಹತ್ತಿರ ಇದೆ. ಮಧ್ಯಾಹ್ನದ ಗೋಷ್ಠಿ ಶುರುವಾಗುವ ಮುಂಚೆ ಸಹಿ ಮಾಡಿ ಕೊಡಿ.