ತಂತಿಯಿಲ್ಲದ ಹಾಡು



ತಂತಿವಾದ್ಯವೆಂದೊಡನೆ ನಮ್ಮ ಮೈಸೂರು ಸೀಮೆಯವರ ಮನಸ್ಸಿಗೆ ವೀಣೆಯೇ ಬರುವುದು ಸಹಜ. ವೀಣೆ ಶೇಷಣ್ಣನವರು (1852–1926) ನುಡಿಸಿದ ಊರಿನಲ್ಲಿ ಬೇರೆ ವಾದ್ಯಕ್ಕೆ ಅಗ್ರಸ್ಥಾನವೆಲ್ಲಿಯದು? ಆದರೆ ಈ ಹೊತ್ತು ನಾವು ವೀಣೆಯ ನಾಡಿನಿಂದ ತುಸು ಪಶ್ಚಿಮಕ್ಕೆ ಸರಿದು, ಕೊಡಗಿನಲ್ಲಿ ನಿಂತು, ಲೋಕದ ತಂತಿವಾದ್ಯಗಳನ್ನು ನೋಡಬೇಕೆಂದಿದ್ದೇವೆ. ಕೊಡವರ ಹಬ್ಬ ಮದುವೆಗಳ ಪರಂಪರೆಯ ಮೇಳದಲ್ಲಿ ದುಡಿಯುಂಟು, ಕೊಂಬುಂಟು, ವಾಲಗವುಂಟು. ತಂತಿವಾದ್ಯ ಮಾತ್ರ ಇಲ್ಲ. ಒಂದು ವಸ್ತು ಏನು ಕೆಲಸ ಮಾಡುತ್ತದೆಂಬುದು ಅದು ಇಲ್ಲದ ಕಡೆಯಲ್ಲಿಯೇ ಹೆಚ್ಚು ಸ್ಪಷ್ಟವಾಗಿ ತಿಳಿಯುವುದಲ್ಲವೆ?

ಮೊದಲು ಆ ಹಾಡನ್ನು ನೋಡೋಣ. ಕೊಡವರು ಪುತ್ತರಿಯೆಂದೂ ಕನ್ನಡಿಗರು ಹುತ್ತರಿಯೆಂದೂ ಕರೆಯುವ ಸುಗ್ಗಿಯ ಹಬ್ಬದಲ್ಲಿ ನಾಲ್ವರು ಗಂಡಸರು ಕೈಯಲ್ಲಿ ದುಡಿ ಹಿಡಿದು ಮನೆಮನೆಗೆ ಹೋಗಿ ಹಾಡುತ್ತಾರೆ. ಮದುವೆಯಲ್ಲಿ ಮನೆತನವನ್ನು ಹೊಗಳಿ ಹಾಡುವುದುಂಟು. ಸಾವಿನಲ್ಲಿ ಸತ್ತವರ ಬಾಳನ್ನು ನೆನೆದು ಹಾಡುವುದೂ ಉಂಟು. ದುಡಿಯೆಂಬುದು ನಡು ಸಣ್ಣದಾದ ಪುಟ್ಟ ಚರ್ಮವಾದ್ಯ. ಇಬ್ಬರು ಒಂದು ಸಾಲನ್ನು ಹಾಡಿದರೆ ಉಳಿದಿಬ್ಬರು ಅದನ್ನು ಎತ್ತಿಕೊಳ್ಳುತ್ತಾರೆ. ಹೀಗೆ ಹಾಡು ಗಂಟೆಗಟ್ಟಲೆ ನಡೆಯಬಲ್ಲುದು.

ಇಲ್ಲಿ ತಂತಿ ಇಲ್ಲದಿರುವುದು ಸಾಮಗ್ರಿಯ ಕೊರತೆಯಿಂದಲ್ಲ. ವೀಣೆಯ ಒಡಲಿಗೆ ಬೇಕಾದ ಹಲಸು ಕೊಡಗಿನ ಹಿತ್ತಿಲಲ್ಲಿಯೇ ಬೆಳೆಯುತ್ತದೆ. ಬೀಟೆಯ ಮರ ಅಲ್ಲಿನ ಕಾಡಿನಲ್ಲಿದೆ. ವೀಣೆಯ 24 ಮೆಟ್ಟಿಲುಗಳನ್ನು ಕೂಡಿಸುವುದು ಮೇಣದ ಮೇಲೆ. ಕೊಡಗಾದರೋ ಜೇನಿಗೆ ಹೆಸರಾದ ನಾಡು. ತಂತಿವಾದ್ಯಗಳ ಮೂಲ ಬೇಟೆಗಾರನ ಬಿಲ್ಲೆಂದು ಊಹಿಸುವ ವಿದ್ವಾಂಸರಿದ್ದಾರೆ. ತಮಿಳುನಾಡಿನ ತೆಂಕಣ ತುದಿಯಲ್ಲಿ ದೊಡ್ಡ ಬಿಲ್ಲೊಂದನ್ನು ಮುಂದಿಟ್ಟುಕೊಂಡು, ಅದರ ಹೆದೆಯನ್ನು ಕೋಲಿನಿಂದ ಬಡಿಯುತ್ತ ಕಥೆ ಹಾಡುವ ವಿಲ್ಲುಪ್ಪಾಟ್ಟು ಈ ಊಹೆಗೆ ಒತ್ತಾಸೆಯಾಗಿದೆ. ಆದರೆ ಬಿಲ್ಲಿನ ಪರಿಚಯ ಕೊಡವರಿಗೆ ಕಡಮೆಯಿತ್ತೆ? ಗಂಡುಮಗು ಹುಟ್ಟಿದರೆ ಹರಳುಗಿಡದ ಕಡ್ಡಿಯ ಪುಟ್ಟ ಬಿಲ್ಲನ್ನು ಅದರ ಕೈಗೆ ಕೊಡುವ ಸಂಪ್ರದಾಯವೇ ಅವರಲ್ಲಿತ್ತು. ಮರವಿತ್ತು, ಮೇಣವಿತ್ತು, ಬಿಲ್ಲಿತ್ತು. ಹಾಡಿಗೆ ತಂತಿಯ ಅಗತ್ಯ ಮಾತ್ರ ತೋರಲಿಲ್ಲ. ಇದೇಕೆ?

ಉತ್ತರಕ್ಕಾಗಿ ತಂತಿಯನ್ನು ನೆಚ್ಚಿದ ನಾಡುಗಳ ಕಡೆಗೆ ತಿರುಗೋಣ. ಪಶ್ಚಿಮ ಆಫ್ರಿಕದಲ್ಲಿ ಕೋರಾ ಎಂಬ ವಾದ್ಯವಿದೆ. ದೊಡ್ಡ ಸೋರೆಬುರುಡೆಯ ಹೋಳಿಗೆ ತೊಗಲು ಹೊದಿಸಿ, ಕಂಬ ನೆಟ್ಟು, 21 ತಂತಿಗಳನ್ನು ಕಟ್ಟಿರುತ್ತಾರೆ. ಅದನ್ನು ನುಡಿಸುವ ವಂಶಪಾರಂಪರ್ಯದ ಗಾಯಕರು ಅರಸರ, ಮನೆತನಗಳ ಚರಿತ್ರೆಯನ್ನು ಹಾಡುತ್ತಾರೆ. ಕೊಡಗಿನ ಹಾಡುಗಾರರ ಕೆಲಸಕ್ಕೆ ಇದು ಎಷ್ಟು ಹತ್ತಿರವಾದುದು! ಯೂರೋಪಿನ ಬಾಲ್ಕನ್ ಬೆಟ್ಟಗಳಲ್ಲಿ ಕುದುರೆಕೂದಲಿನ ಒಂದೇ ತಂತಿಯ ಗುಸ್ಲೆ ಎಂಬ ವಾದ್ಯವನ್ನು ಕಮಾನಿನಿಂದ ಉಜ್ಜುತ್ತ ವೀರಗಾಥೆಗಳನ್ನು ಹಾಡುತ್ತಿದ್ದರು. ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ 1933ರಿಂದ 1935ರ ವರೆಗೆ ಅಲ್ಲಿ ಸಂಚರಿಸಿ ಅಂತಹ ಗಾಯಕರ ಹಾಡುಗಳನ್ನು ಧ್ವನಿಮುದ್ರಿಸಿದರು. ಕೊಡಗಿಗೆ ತಾಗಿದ ಕೇರಳದಲ್ಲಿ ಪುಳ್ಳುವರು ಒಂಟಿ ತಂತಿಯ ವೀಣೆಯೊಡನೆ ನಾಗದೇವತೆಗಳನ್ನು ಹಾಡುತ್ತಾರೆ. ನಮ್ಮಲ್ಲಿಯೇ ಕಿನ್ನರಿ ಜೋಗಿಗಳು ಬುರುಡೆ ಕಟ್ಟಿದ ಕಿನ್ನರಿ ಹಿಡಿದು ಭಾರತದ ಕಥೆಗಳನ್ನು ಹೇಳಿದವರು. ಹನ್ನೆರಡನೆಯ ಶತಮಾನದ ಶರಣ ಕಿನ್ನರಿ ಬೊಮ್ಮಯ್ಯನ ಹೆಸರಿನಲ್ಲಿಯೇ ಆ ವಾದ್ಯ ಉಳಿದಿದೆ.

ಈ ಬಹುತೇಕ ವಾದ್ಯಗಳಲ್ಲಿ ಒಂದು ಸಾಮಾನ್ಯ ಲಕ್ಷಣವನ್ನು ಕಾಣಬಹುದು. ಅವು ಒಂಟಿ ಗಾಯಕನ ಸಂಗಾತಿಗಳು. ಹಾಡುವವನು ಉಸಿರು ತೆಗೆದುಕೊಳ್ಳುವಾಗ ತಂತಿ ಮಾತನಾಡುತ್ತದೆ; ಮುಂದಿನ ಸಾಲನ್ನು ನೆನೆಯಲು ಅವನಿಗೆ ಬಿಡುವು ಕೊಡುತ್ತದೆ; ದನಿ ಜಾರದಂತೆ ಶ್ರುತಿಯನ್ನು ಹಿಡಿದಿರುತ್ತದೆ. ಕೊಡಗಿನ ಹಾಡಿನಲ್ಲಿ ಈ ಮೂರು ಕೆಲಸಗಳನ್ನೂ ಮನುಷ್ಯರೇ ಮಾಡುತ್ತಾರೆ. ಮೊದಲ ಜೋಡಿ ಉಸಿರು ತೆಗೆದುಕೊಳ್ಳುವಾಗ ಎರಡನೆಯ ಜೋಡಿ ಹಾಡುತ್ತದೆ. ಆ ಬಿಡುವಿನಲ್ಲಿಯೇ ಮುಂದಿನ ಸಾಲು ನೆನಪಿಗೆ ಬರುತ್ತದೆ. ಒಬ್ಬರ ಶ್ರುತಿಗೆ ಇನ್ನೊಬ್ಬರ ಕಿವಿಯೇ ಆಧಾರ. ಕಾಲಪ್ರಮಾಣವನ್ನು ದುಡಿ ನೋಡಿಕೊಳ್ಳುತ್ತದೆ. ಹೀಗಿರಲು ತಂತಿಗೆ ಅಲ್ಲಿ ಉಳಿದ ಕೆಲಸವಾದರೂ ಯಾವುದು?

ಆದುದರಿಂದ ತಂತಿಯಿಲ್ಲದ ಸಂಗೀತವನ್ನು ಅರೆಬೆಳೆದ ಸಂಗೀತವೆಂದು ಭಾವಿಸುವುದು ಸರಿಯಲ್ಲ. ಅದಕ್ಕೆ ಹೊರಗಿನಿಂದ ಶ್ರುತಿಪೆಟ್ಟಿಗೆಯನ್ನೋ ಹಾರ್ಮೋನಿಯಮನ್ನೋ ತಂದು ಜೋಡಿಸುವುದು ಉಪಕಾರವೂ ಅಲ್ಲ. ಹಾರ್ಮೋನಿಯಮ್ಮಿನ ಕೀಲಿಗಳಿಗೆ ಸ್ವರದಿಂದ ಸ್ವರಕ್ಕೆ ಜಾರುವುದು ತಿಳಿಯದು. ಈ ಆಕ್ಷೇಪಣೆಯಿಂದಲೇ 1940ರಲ್ಲಿ ಅಖಿಲ ಭಾರತ ರೇಡಿಯೋ ಆ ವಾದ್ಯವನ್ನು ಬಹಿಷ್ಕರಿಸಿತು. ಬಹಿಷ್ಕಾರ ಸುಮಾರು ಮೂರು ದಶಕಗಳ ಕಾಲ ನಡೆಯಿತು. ಹಿರಿಯ ಶಾಸ್ತ್ರೀಯ ಸಂಗೀತಕ್ಕೇ ಇಷ್ಟು ಎಚ್ಚರ ಬೇಕಾದರೆ, ಶಾಸ್ತ್ರಗ್ರಂಥದ ಕಾವಲಿಲ್ಲದ ನಾಡಹಾಡಿಗೆ ಎಷ್ಟು ಬೇಡ!

ಆದರೆ ಈ ಸ್ವಾವಲಂಬನೆಗೆ ತೆರಬೇಕಾದ ಬೆಲೆಯೂ ಉಂಟು. ವಾದಕನಿಲ್ಲವಾದರೂ ವಾದ್ಯ ಉಳಿಯುತ್ತದೆ. ಇರಾಕಿನ ಊರ್ ಪಟ್ಟಣದ ರಾಜಸಮಾಧಿಗಳಲ್ಲಿ ಸುಮಾರು 4,500 ವರ್ಷ ಹಿಂದಿನ ತಂತಿವಾದ್ಯಗಳು ದೊರೆತಿವೆ. ಮರ ಕೊಳೆತರೂ ಅದರ ಗುರುತಿನಿಂದ ಅವುಗಳನ್ನು ಮತ್ತೆ ಕಟ್ಟಿ ವಸ್ತುಸಂಗ್ರಹಾಲಯದಲ್ಲಿಟ್ಟಿದ್ದಾರೆ. ನಾಲ್ವರ ಕೂಟವನ್ನು ಹಾಗೆ ಇಡಲಾಗದು. ಗುಸ್ಲೆಯವನೊಬ್ಬ ಉಳಿದರೆ ಅವನ ಹಾಡು ಉಳಿಯುತ್ತದೆ. ದುಡಿಯವನೊಬ್ಬನೇ ಉಳಿದರೆ ಎತ್ತಿದ ಸಾಲನ್ನು ಹಿಂತಿರುಗಿ ಹೇಳುವವರಿಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡುಗಳನ್ನೂ ಗಾದೆಗಳನ್ನೂ ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಪ್ರಕಟಿಸಿದುದು ಮಹೋಪಕಾರ. ಅದರಿಂದ ಮಾತು ಉಳಿಯಿತು. ಆದರೆ ಇಬ್ಬರು ನಿಲ್ಲಿಸಿದಲ್ಲಿ ಇನ್ನಿಬ್ಬರು ಎತ್ತಿಕೊಳ್ಳುವ ಆ ಹೊಂದಿಕೆಯನ್ನು ಅಚ್ಚಿನ ಮೊಳೆ ಹಿಡಿಯಲಾರದು. ಅದು ಕೂಡಿ ನಿಂತು ಹಾಡುವುದರಿಂದಲೇ ಬರುವ ವಿದ್ಯೆ.

ಮಕ್ಕಳಿಗೆ ವೀಣೆ ಪಿಟೀಲು ಕಲಿಸಲು ನಾವು ಉಪಾಧ್ಯಾಯರನ್ನು ಹುಡುಕುತ್ತೇವೆ, ವಾದ್ಯಕ್ಕೆ ಹಣ ಕೂಡಿಸುತ್ತೇವೆ. ಒಳ್ಳೆಯ ಕೆಲಸವೇ ಸರಿ. ದುಡಿಯ ಹಾಡಿಗೆ ಬೇಕಾದುದು ಹಣಕ್ಕಿಂತ ಹೆಚ್ಚಾಗಿ ಜೊತೆ. ಉದ್ಯೋಗಕ್ಕಾಗಿ ಊರು ಬಿಟ್ಟ ಕೊಡಗಿನ ಯುವಕರು ಹಬ್ಬಕ್ಕೆ ಮನೆಗೆ ಹೋದಾಗ ಹಾಡನ್ನು ಕೇಳಿ ಮೆಚ್ಚಿದರೆ ಸಾಲದು. ಹಿರಿಯ ಜೋಡಿ ಒಂದು ಸಾಲನ್ನು ಹೇಳಿ ನಿಲ್ಲಿಸಿದಾಗ ಅದನ್ನು ಎತ್ತಿಕೊಳ್ಳಲು ಇಬ್ಬರಾದರೂ ಮುಂದೆ ಬರಬೇಕು.